ಹಿಂದುಳಿದ ಶಾಲೆ ಯಾವುದು? ತಕ್ಕಡಿಯನ್ನು ಮೊದಲು ತೋರಿಸಿರಿ

ಹಿಂದುಳಿದ ಶಾಲೆಗಳಿಗೆ ಹೆಚ್ಚಿನ ನೆರವು ಕೊಡಬೇಕೆಂಬ ಮಾತನ್ನು ಇಂದು ಯಾರೂ ವಿರೋಧಿಸುವುದಿಲ್ಲ. ವಿಧಾನಸೌಧದಲ್ಲಿ ಕುಳಿತವರೂ ಹೇಳುತ್ತಾರೆ, ದೆಹಲಿಯಲ್ಲಿ ಕುಳಿತವರೂ ಹೇಳುತ್ತಾರೆ, ಚುನಾವಣೆಗೆ ನಿಂತ ಪ್ರತಿಯೊಬ್ಬರೂ ಹೇಳುತ್ತಾರೆ. ಎಲ್ಲರೂ ಒಪ್ಪಿದ ಮಾತಿನಲ್ಲಿ ಜಗಳಕ್ಕೆ ಎಡೆಯೆಲ್ಲಿ ಎಂದು ಓದುಗರು ಕೇಳಬಹುದು. ಜಗಳವಿರುವುದು ಮಾತಿನಲ್ಲಲ್ಲ, ಅಳತೆಯಲ್ಲಿ. ಹಿಂದುಳಿದ ಶಾಲೆ ಯಾವುದು? ಅದನ್ನು ಹಿಂದುಳಿದದ್ದೆಂದು ತೀರ್ಮಾನಿಸುವವರು ಯಾರು? ಯಾವ ಲೆಕ್ಕದ ಮೇಲೆ, ಯಾವ ವರ್ಷದ ಲೆಕ್ಕದ ಮೇಲೆ ತೀರ್ಮಾನಿಸುತ್ತಾರೆ? ಸಂತೆಯಲ್ಲಿ ಕೂತ ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಲು ಎಷ್ಟೇ ಒಳ್ಳೆಯದಿರಲಿ, ತಕ್ಕಡಿ ಸರಿಯಿಲ್ಲದಿದ್ದರೆ ಕೊಳ್ಳುವವನಿಗೆ ನಷ್ಟ ತಪ್ಪದು. ಸರಕಾರ ಶಾಲೆಗಳನ್ನು ತೂಗುವ ತಕ್ಕಡಿಯನ್ನು ಜನರ ಮುಂದೆ ಇಡಬೇಕೆಂಬುದೇ ಈ ವಾರ ನಾವು ಹೇಳಬೇಕಾದ ಮಾತು.

ಇದು ಅಧಿಕಾರಿಗಳ ಕಡತದ ವಿಷಯ, ನಮಗೇಕೆ ಎಂದು ಯಾರೂ ಸುಮ್ಮನಾಗಬಾರದು. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವ ಗಿರಣಿ ಕೆಲಸಗಾರನಿಗೆ, ಚನ್ನರಾಯಪಟ್ಟಣದ ಬಸ್‌ ನಿಲ್ದಾಣದ ಬಳಿ ಚಿಲ್ಲರೆ ಅಂಗಡಿ ಇಟ್ಟವನಿಗೆ, ಸರಕಾರಿ ಶಾಲೆಯೆಂಬುದು ತಾತ ಮುತ್ತಾತಂದಿರು ಬಿಟ್ಟುಹೋದ ಹೊಲಕ್ಕಿಂತ ದೊಡ್ಡ ಆಸ್ತಿ. ಆ ಶಾಲೆ ನೆಟ್ಟಗಿದ್ದರೆ ಸಂಬಳದ ಹಣ ಮನೆಯಲ್ಲಿ ಉಳಿಯುತ್ತದೆ. ಕೆಟ್ಟರೆ ಜೂನ್‌ ತಿಂಗಳು ಬಂತೆಂದರೆ ಖಾಸಗಿ ಶಾಲೆಯ ಶುಲ್ಕ, ವ್ಯಾನಿನ ಬಾಡಿಗೆ, ಸಮವಸ್ತ್ರದ ಹಣ ಎಂದು ಕೈಸಾಲಕ್ಕೆ ಓಡಬೇಕು. ಶಾಲೆಯೊಂದನ್ನು ಪಟ್ಟಿಗೆ ಸೇರಿಸುವುದೋ ಬಿಡುವುದೋ ಎಂಬುದು ಕಡೆಗೆ ನಮ್ಮ ಮನೆಯ ಖರ್ಚಿನ ಪುಸ್ತಕಕ್ಕೇ ಬಂದು ಸೇರುತ್ತದೆ.

ನಮ್ಮ ನಾಡಿಗೆ ಈ ಬಗೆಯ ಅಳತೆ ಹೊಸದೇನೂ ಅಲ್ಲ. 1918ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ಹಿಂದುಳಿದವರ ವಿಚಾರ ಪರಿಶೀಲಿಸಲು ಮಿಲ್ಲರ್‌ ಸಮಿತಿಯನ್ನು ನೇಮಿಸಿತ್ತು. 1961ರಲ್ಲಿ ವರದಿ ಒಪ್ಪಿಸಿದ ನಾಗನಗೌಡ ಸಮಿತಿ, ಹೈಸ್ಕೂಲಿನ ಕಡೆಯ ಮೂರು ತರಗತಿಗಳಲ್ಲಿ ಸಾವಿರ ಜನಕ್ಕೆ ಎಷ್ಟು ವಿದ್ಯಾರ್ಥಿಗಳಿದ್ದಾರೆಂದು ಒಂದೊಂದು ಜಾತಿಯ ಲೆಕ್ಕ ತೆಗೆಯಿತು. ರಾಜ್ಯದ ಸರಾಸರಿ 6.9 ಎಂದು ಬಂತು. ಆ ಗೆರೆಯ ಆಸುಪಾಸಿನಲ್ಲಿದ್ದವರನ್ನೂ ಹಿಂದುಳಿದವರೆಂದು ಎಣಿಸಿದ್ದನ್ನು 1962ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಸರಾಸರಿಗಿಂತ ತೀರ ಕೆಳಗಿರುವವರೇ ಹಿಂದುಳಿದವರು ಎಂದಿತು. ಆ ತೀರ್ಪಿನ ಸರಿತಪ್ಪು ಬೇರೆ ಮಾತು. ಅದರಿಂದ ಕಲಿಯಬೇಕಾದ ಪಾಠವೊಂದಿದೆ. ಸರಾಸರಿಯ ಗೆರೆ ಎಳೆಯುವುದು ಸುಲಭ. ಗೆರೆಯ ಈಚೆ ಆಚೆ ನಿಂತವರ ನಡುವೆ ನಿಜವಾಗಿ ಎಷ್ಟು ಅಂತರವಿದೆ ಎಂದು ನ್ಯಾಯವಾಗಿ ಹೇಳುವುದು ಕಷ್ಟ. ಅರುವತ್ತು ವರ್ಷ ಕಳೆದರೂ ನಮ್ಮ ಸರಕಾರಗಳು ಅದೇ ಗೆರೆಯನ್ನೇ ನೆಚ್ಚಿಕೊಂಡಿವೆ.

ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ಕೊಟ್ಟ ವರದಿ ದೊಡ್ಡ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. 35 ಸೂಚಕಗಳನ್ನು ಇಟ್ಟುಕೊಂಡು, ಆಗ ಇದ್ದ 175 ತಾಲ್ಲೂಕುಗಳನ್ನು ತೂಗಿ, 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಆ ಸಮಿತಿ ಹೇಳಿತು. ಅವುಗಳಲ್ಲೂ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ಮೂರು ದರ್ಜೆ ಮಾಡಿತು. ಶಾಲೆಯ ಹೊರಗುಳಿದ ಮಕ್ಕಳೆಷ್ಟು, ಒಬ್ಬ ಉಪಾಧ್ಯಾಯರಿಗೆ ಎಷ್ಟು ಮಕ್ಕಳು ಎಂಬ ಲೆಕ್ಕವೂ ಅದರಲ್ಲಿ ಸೇರಿತ್ತು. ಜಿಲ್ಲೆಯ ಲೆಕ್ಕವನ್ನು ಬಿಟ್ಟು ತಾಲ್ಲೂಕಿನ ಲೆಕ್ಕಕ್ಕೆ ಇಳಿದದ್ದೇ ಅದರ ದೊಡ್ಡ ಗುಣ. ಆದರೆ ರಸ್ತೆ, ಬ್ಯಾಂಕು, ನೀರಾವರಿ, ಕಾರ್ಖಾನೆ ಎಲ್ಲವನ್ನೂ ಸೇರಿಸಿ ತೆಗೆದ ಒಂದೇ ಅಂಕಿ ತಾಲ್ಲೂಕಿನ ಸ್ಥಿತಿಯನ್ನು ಹೇಳಬಲ್ಲದೇ ಹೊರತು ಶಾಲೆಯ ಸ್ಥಿತಿಯನ್ನು ಹೇಳಲಾರದು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್‌ ಅವರ ಅಧ್ಯಕ್ಷತೆಯಲ್ಲಿ ಸರಕಾರ ಮತ್ತೊಂದು ಸಮಿತಿಯನ್ನು ನೇಮಿಸಿತು. ತೂಕದ ಬಟ್ಟು ಬದಲಾಗಬಹುದು. ತೂಗುವ ವಸ್ತು ತಾಲ್ಲೂಕೇ ಆಗಿರುವವರೆಗೆ ಶಾಲೆ ತಕ್ಕಡಿಗೆ ಬೀಳುವುದಿಲ್ಲ.

ಹಾಸನ ಜಿಲ್ಲೆಯ ಮಟ್ಟಿಗೆ ಸರಾಸರಿಯ ಆಟ ಹೇಗಿದೆ ನೋಡಿರಿ. 2011ರ ಜನಗಣತಿಯ ಪ್ರಕಾರ ಜಿಲ್ಲೆಯಲ್ಲಿ ಅಕ್ಷರಸ್ಥರು ಶೇಕಡ 76.07, ರಾಜ್ಯದ ಸರಾಸರಿ 75.36. ನಾವು ರಾಜ್ಯಕ್ಕಿಂತ ಕೂದಲೆಳೆಯಷ್ಟು ಮುಂದೆ! 2019ರ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯಲ್ಲಿ ಜಿಲ್ಲೆಗೆ ರಾಜ್ಯದಲ್ಲೇ ಮೊದಲನೆಯ ಸ್ಥಾನ ಬಂತು. ಮೆರವಣಿಗೆಯಾಯಿತು, ಸಿಹಿ ಹಂಚಿದರು. ದುಡಿದ ಮಕ್ಕಳಿಗೂ ಉಪಾಧ್ಯಾಯರಿಗೂ ಆ ಗೌರವ ಸಲ್ಲಬೇಕಾದದ್ದೇ. ಆದರೆ ಮುಂದುವರಿದ ಜಿಲ್ಲೆಯೆಂಬ ಹೆಸರು ಬಂದ ದಿನವೇ ಆ ಜಿಲ್ಲೆಯ ಮೂಲೆಯ ಶಾಲೆಗೆ ಕುತ್ತು ಬರುತ್ತದೆ ಎಂಬುದನ್ನು ಮರೆಯಬಾರದು. ಅದೇ 2011ರ ಲೆಕ್ಕದಲ್ಲಿ ಜಿಲ್ಲೆಯ ಗಂಡಸರಲ್ಲಿ ಶೇಕಡ 83.64 ಅಕ್ಷರಸ್ಥರಿದ್ದರೆ ಹೆಂಗಸರಲ್ಲಿ 68.60 ಮಾತ್ರ. ತಾಯಿ ಓದು ಬಾರದವಳಾದರೆ ಮಗುವಿನ ಪುಸ್ತಕವನ್ನು ಮನೆಯಲ್ಲಿ ತೆರೆದು ನೋಡುವವರಾರು? ಸರಾಸರಿ ಈ ಪ್ರಶ್ನೆಯನ್ನು ಕೇಳುವುದಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. ಅರಕಲಗೂಡಿನ ರಾಮನಾಥಪುರ, ಕೊಣನೂರು ಕಡೆ ಹೊಗೆಸೊಪ್ಪಿನ ಬೆಳೆ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸುವ ಕಾಲದಲ್ಲಿ ಮನೆಯವರೆಲ್ಲರ ಕೈಯೂ ಬೇಕು. ಹೆಸರು ಹಾಜರಿ ಪುಸ್ತಕದಲ್ಲಿದ್ದರೂ ಮಗು ಹೊಲದಲ್ಲಿರುತ್ತದೆ. ಹೊಳೆನರಸೀಪುರ 1996ರಲ್ಲಿ ದೇಶಕ್ಕೆ ಪ್ರಧಾನಿಯನ್ನು ಕೊಟ್ಟ ತಾಲ್ಲೂಕು. ಹೆಸರು ದೊಡ್ಡದು, ಆ ಹೆಸರಿನಿಂದ ಹೋಬಳಿಯ ಕೊನೆಯ ಹಟ್ಟಿಯ ಶಾಲೆಗೆ ಎರಡನೆಯ ಉಪಾಧ್ಯಾಯರು ತಾವಾಗಿ ಬರುವುದಿಲ್ಲ. ಚನ್ನರಾಯಪಟ್ಟಣದಲ್ಲಿ ತೆಂಗು ಇದೆ, ಸಕ್ಕರೆ ಕಾರ್ಖಾನೆ ಇದೆ, ಶ್ರವಣಬೆಳಗೊಳದ ಯಾತ್ರೆ ಇದೆ. ಆದರೆ ತೋಟದ ಒಡೆಯನ ಮಗನೂ ನಾರು ಬಡಿಯುವವಳ ಮಗಳೂ ಒಂದೇ ಸರಾಸರಿಯಲ್ಲಿ ಕರಗಿ ಹೋಗುತ್ತಾರೆ. ಹಾಸನದ ಪೇಟೆಯಂತೂ ಎಲ್ಲ ಲೆಕ್ಕದಲ್ಲೂ ಮುಂದೆ. ಹೊರ ರಾಜ್ಯದಿಂದ ಗಿರಣಿಗೆ ದುಡಿಯಲು ಬಂದ ಸಂಸಾರದ ಮಗು, ಕನ್ನಡವೇ ತಿಳಿಯದೆ ಕಡೆಯ ಬೆಂಚಿನಲ್ಲಿ ಕೂತದ್ದು ಯಾವ ಸೂಚಕದಲ್ಲಿ ಕಾಣುತ್ತದೆ?

ಕೇಂದ್ರ ಸರಕಾರದ ಅಳತೆಗೋಲು ಇನ್ನೊಂದು ಬಗೆಯದು. ಗ್ರಾಮಾಂತರದ ಹೆಂಗಸರಲ್ಲಿ ಅಕ್ಷರಸ್ಥರ ಪ್ರಮಾಣ ರಾಷ್ಟ್ರದ ಸರಾಸರಿಯಾದ ಶೇಕಡ 46.13ಕ್ಕಿಂತ ಕಡಿಮೆ ಇರಬೇಕು, ಗಂಡಸರಿಗೂ ಹೆಂಗಸರಿಗೂ ನಡುವಣ ಅಂತರ 21.59ಕ್ಕಿಂತ ಹೆಚ್ಚು ಇರಬೇಕು; ಆಗ ಮಾತ್ರ ಅದು ಶೈಕ್ಷಣಿಕವಾಗಿ ಹಿಂದುಳಿದ ಬ್ಲಾಕು. ಇವೆರಡೂ 2001ರ ಜನಗಣತಿಯ ಅಂಕಿಗಳು. ಈ ಗೆರೆಯ ಮೇಲೆಯೇ 2004ರಿಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಬಂದವು, ಮುಂದೆ ಆದರ್ಶ ವಿದ್ಯಾಲಯಗಳು ಬಂದವು. ಹೆಣ್ಣುಮಕ್ಕಳ ವಿದ್ಯೆಯನ್ನು ಅಳತೆಗೆ ಹಿಡಿದದ್ದು ಮೆಚ್ಚತಕ್ಕದ್ದೇ. ಆದರೆ ಒಂದು ಬ್ಲಾಕು 46ರಲ್ಲಿದ್ದು ಇನ್ನೊಂದು 47ರಲ್ಲಿದ್ದರೆ, ಮೊದಲನೆಯದಕ್ಕೆ ವಸತಿ ಶಾಲೆ, ಎರಡನೆಯದಕ್ಕೆ ಬರಿಗೈ. ಗೆರೆಯ ಆಚೆಗಿರುವ ಹುಡುಗಿ ಆ ಒಂದು ಅಂಕಿಯಿಂದ ಎಷ್ಟು ಉದ್ಧಾರವಾದಳು? ಅಲ್ಲದೆ 2021ರಲ್ಲಿ ಆಗಬೇಕಾಗಿದ್ದ ಜನಗಣತಿ ಆಗಲಿಲ್ಲ. 2027ಕ್ಕೆ ಎಂದು ಸರಕಾರ ಗೊತ್ತು ಮಾಡಿತು. 2011ರಲ್ಲಿ ಹುಟ್ಟಿದ ಕೂಸು ಎಸ್‌.ಎಸ್‌.ಎಲ್‌.ಸಿ.ಗೆ ಕೂರುವಷ್ಟು ಬೆಳೆದರೂ ಸರಕಾರದ ಕೈಯಲ್ಲಿ ಆ ಕೂಸಿನ ತೊಟ್ಟಿಲ ಕಾಲದ ಲೆಕ್ಕವೇ ಇದೆ.

ಇನ್ನು ಉಪಾಧ್ಯಾಯರ ಲೆಕ್ಕ. ಇದು ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುವ ಲೆಕ್ಕ. ಮೂವತ್ತು ಮಕ್ಕಳಿಗೆ ಒಬ್ಬ ಉಪಾಧ್ಯಾಯರಿದ್ದರೆ ಸರಿ ಎಂದು ಇಟ್ಟುಕೊಳ್ಳೋಣ. ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ 18 ಮಕ್ಕಳು, ಒಬ್ಬರೇ ಮೇಷ್ಟ್ರು. ಸರಾಸರಿ ನೋಡಿದರೆ ಪೇಟೆಯ ಶಾಲೆಗಿಂತ ಮೇಲು! ಆದರೆ ಆ ಒಬ್ಬ ಮೇಷ್ಟ್ರು ಒಂದರಿಂದ ಐದರವರೆಗೆ ಐದು ತರಗತಿ ನೋಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಸಭೆಗೆ ತಾಲ್ಲೂಕು ಕಚೇರಿಗೆ ಹೋಗಬೇಕು, ಗಣತಿ ಬಂದರೆ ಮನೆಮನೆ ಸುತ್ತಬೇಕು. ಅವರು ಸಭೆಗೆ ಹೋದ ದಿನ ಶಾಲೆಗೆ ಬೀಗ. 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ಅರುವತ್ತು ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು ಉಪಾಧ್ಯಾಯರಿರಬೇಕೆಂದು ಹೇಳುತ್ತದೆ. ಹಾಗಾದರೆ ತಾಲ್ಲೂಕಿನ ಸರಾಸರಿಯನ್ನು ಬದಿಗಿಟ್ಟು, ಒಬ್ಬರೇ ಉಪಾಧ್ಯಾಯರಿರುವ ಶಾಲೆಗಳೆಷ್ಟು, ಅವು ಯಾವ ಯಾವ ಊರಿನವು, ಎಷ್ಟು ವರ್ಷದಿಂದ ಹಾಗಿವೆ ಎಂದು ಹೆಸರು ಹಿಡಿದು ಬರೆಯುವುದಕ್ಕೆ ಏನು ಅಡ್ಡಿ?

ಹಣ ಹಂಚುವ ಕ್ರಮವನ್ನೂ ಪರೀಕ್ಷಿಸೋಣ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ತಲೆಯೆಣಿಕೆಯ ಮೇಲೆ ಗೊತ್ತಾಗಿದೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲೆ ಒಂದು ಲಕ್ಷ. ತಲೆಗೆ ಭಾಗಿಸಿದರೆ ಚಿಕ್ಕ ಶಾಲೆಗೇ ಹೆಚ್ಚಾಯಿತಲ್ಲ ಎಂದು ಅಧಿಕಾರಿಗಳು ಹೇಳಬಹುದು. ಸೋರುವ ಹಂಚಿಗೆ ಕೆಳಗೆ ಎಷ್ಟು ಮಕ್ಕಳು ಕೂತಿದ್ದಾರೆಂಬುದು ಗೊತ್ತಿಲ್ಲ. ಹಂಚಿನ ಬೆಲೆ ಎಲ್ಲ ಶಾಲೆಗೂ ಒಂದೇ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹಾಸನ ಪೇಟೆಯ ನಡುವೆ 90 ಮಕ್ಕಳ ಶಾಲೆ ಒಂದು, ಅರಕಲಗೂಡಿನ ಗಡಿಯಲ್ಲಿ ಕೂಲಿಕಾರರ ಮಕ್ಕಳೇ ತುಂಬಿದ 90 ಮಕ್ಕಳ ಶಾಲೆ ಇನ್ನೊಂದು. ಎರಡಕ್ಕೂ 25,000. ಮೊದಲನೆಯದಕ್ಕೆ ದಾನಿಗಳು ಸಿಗುತ್ತಾರೆ, ಹಳೆಯ ವಿದ್ಯಾರ್ಥಿಗಳ ಸಂಘ ಸಿಗುತ್ತದೆ. ಎರಡನೆಯದಕ್ಕೆ ಸಿಗುವವರು ಯಾರು? ಇದು ಸಮಾನತೆಯಲ್ಲ, ಸಮಾನತೆಯ ಹೆಸರಿನ ಕುರುಡು. ಸರಕಾರಿ ಶಾಲೆಗಳ ವಿದ್ಯುತ್ತು, ನೀರಿನ ಬಿಲ್ಲನ್ನು ತಾನೇ ಹೊರುವುದಾಗಿ ರಾಜ್ಯ ಸರಕಾರ 2023ರ ನವೆಂಬರಿನಲ್ಲಿ ಸಾರಿದ್ದು ಒಳ್ಳೆಯ ಕೆಲಸ. ಅದನ್ನು ನಾವು ಮೆಚ್ಚುತ್ತೇವೆ. ಅಷ್ಟಕ್ಕೇ ನಿಂತರೆ ಸಾಲದು.

ಫಲಿತಾಂಶ ನೋಡಿ ಶಾಲೆಯನ್ನು ಗುರುತಿಸಿದರಾಯಿತು ಎಂಬ ವಾದವಿದೆ. ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯಲ್ಲಿ ರಾಜ್ಯದ ಒಟ್ಟು ಫಲಿತಾಂಶ 2023ರಲ್ಲಿ ಶೇಕಡ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಕಣ್ಗಾವಲು ಬಂತು. ಕೃಪಾಂಕ ಹೆಚ್ಚಿಸಿದ ಮೇಲೂ 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ 62.34. ಎರಡೇ ವರ್ಷದಲ್ಲಿ ಮಕ್ಕಳ ಬುದ್ಧಿ ಇಷ್ಟು ಕುಂದಿತೆಂದು ಯಾರೂ ಹೇಳಲಾರರು, ಬದಲಾದದ್ದು ಅಳತೆಗೋಲು. ಅಂಥ ಗೋಲಿನಿಂದ ಅಳೆದು ಒಂದು ಶಾಲೆಯನ್ನು ಕೆಟ್ಟದ್ದೆನ್ನುವುದು ಹೇಗೆ? ಇನ್ನು ಚಿಕ್ಕ ಪ್ರೌಢಶಾಲೆಯಲ್ಲಿ ಪರೀಕ್ಷೆಗೆ ಕೂತವರು ಹತ್ತು ಮಂದಿ ಎನ್ನಿ. ಇಬ್ಬರು ಜ್ವರ ಬಂದು ಮಲಗಿದರೆ ಶೇಕಡ ಇಪ್ಪತ್ತು ಹೋಯಿತು; ಮರುವರ್ಷ ಇಬ್ಬರು ಜಾಣರು ಬಂದರೆ ಇಪ್ಪತ್ತು ಏರಿತು. ಉಪಾಧ್ಯಾಯರು ಅವರೇ, ಕಟ್ಟಡ ಅದೇ.

ಈ ಪಾಠವನ್ನು ದೂರದ ಚಿಲಿ ದೇಶ ಮೊದಲೇ ಕಲಿತಿದೆ. 1990ರಲ್ಲಿ ಅಲ್ಲಿನ ಸರಕಾರ ಪರೀಕ್ಷೆಯಲ್ಲಿ ತೀರ ಕೆಳಗಿದ್ದ ಸುಮಾರು 900 ಶಾಲೆಗಳನ್ನು ಆರಿಸಿ ಪುಸ್ತಕ, ತರಬೇತಿ, ಹೆಚ್ಚಿನ ಪಾಠದ ಏರ್ಪಾಡು ಕೊಟ್ಟಿತು. ಅಂಕಗಳು ಏರಿದವು, ಎಲ್ಲರೂ ಹಿಗ್ಗಿದರು. ಮುಂದೆ 2005ರಲ್ಲಿ ಅರ್ಥಶಾಸ್ತ್ರಜ್ಞರು ಲೆಕ್ಕವನ್ನು ಮತ್ತೆ ಬಿಚ್ಚಿ ನೋಡಿದಾಗ, ಆ ಏರಿಕೆಯ ದೊಡ್ಡ ಪಾಲು ನೆರವಿನಿಂದ ಬಂದದ್ದಲ್ಲ, ಒಂದು ಕೆಟ್ಟ ವರ್ಷದ ನಂತರ ತಾನಾಗಿ ಬಂದದ್ದು ಎಂದು ಕಂಡಿತು. ಆ ದೇಶವೇ 2008ರಲ್ಲಿ ದಾರಿ ಬದಲಿಸಿ, ಮನೆಯ ಬಡತನ, ತಾಯಿಯ ಓದು ಇಂಥವನ್ನು ನೋಡಿ ಒಂದೊಂದು ಮಗುವನ್ನೂ ಗುರುತಿಸಿ, ಅಂಥ ಮಕ್ಕಳಿರುವ ಶಾಲೆಗೆ ಹೆಚ್ಚಿನ ಹಣ ಕೊಡುವ ಕಾನೂನು ಮಾಡಿತು.

ಬೇರೆ ದೇಶಗಳ ಅನುಭವವೂ ಇದೇ ಕಡೆಗೆ ಕೈ ತೋರುತ್ತದೆ. ಅಮೆರಿಕದಲ್ಲಿ 1965ರ ಕಾನೂನು ಬಡ ಮಕ್ಕಳ ಸಂಖ್ಯೆಯ ಮೇಲೆ ಹಣ ಹಂಚಿತು. ನಾಲ್ಕೇ ವರ್ಷದಲ್ಲಿ ಆ ಹಣ ಮಾಮೂಲು ಖರ್ಚಿಗೆ ಕರಗುತ್ತಿದೆಯೆಂದು ಬಯಲಾಯಿತು. ಮೊದಲಿನಿಂದ ಕೊಡುತ್ತಿದ್ದುದರ ಮೇಲೆ ಕೊಡಬೇಕೇ ಹೊರತು, ಅದನ್ನು ಕಿತ್ತುಕೊಂಡು ಇದನ್ನು ಕೊಟ್ಟೆವೆನ್ನಬಾರದೆಂದು ನಿಯಮ ಬಿಗಿ ಮಾಡಬೇಕಾಯಿತು. ಇಂಗ್ಲೆಂಡಿನಲ್ಲಿ 1967ರ ಪ್ಲೌಡನ್‌ ವರದಿ ಬಡ ಕೇರಿಗಳ ಶಾಲೆಗಳಿಗೆ ಮೊದಲ ಪಾಲು ಎಂದಿತು. 1970ರ ದಶಕದಲ್ಲಿ ಲಂಡನ್ನಿನ ಶಾಲೆಗಳನ್ನು ಲೆಕ್ಕ ಹಾಕಿದಾಗ, ಕಷ್ಟದಲ್ಲಿದ್ದ ಮಕ್ಕಳಲ್ಲಿ ಹೆಚ್ಚಿನವರು ಪಟ್ಟಿಯ ಹೊರಗಿನ ಶಾಲೆಗಳಲ್ಲೇ ಇದ್ದರೆಂದು ಗೊತ್ತಾಯಿತು. ಫ್ರಾನ್ಸಿನಲ್ಲಿ 1981ರಿಂದ ಆದ್ಯತೆಯ ವಲಯಗಳಾದವು. ವಲಯಗಳು ಬೆಳೆಯುತ್ತಾ ಹಣ ತೆಳ್ಳಗಾಯಿತು, ಹಣೆಪಟ್ಟಿ ಮಾತ್ರ ದಪ್ಪವಾಗಿ ಉಳಿಯಿತು. ಹಿಂದುಳಿದ ಶಾಲೆಯೆಂಬ ಹೆಸರು ಬಿದ್ದೊಡನೆ ಕೈಲಾದವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಹೆಸರು ಕೊಟ್ಟು ಹಣ ಕೊಡದಿರುವುದು, ಏನೂ ಕೊಡದಿರುವುದಕ್ಕಿಂತ ಕೆಟ್ಟದ್ದು.

ಈ ಅನುಭವಗಳೆಲ್ಲ ಕಣ್ಣ ಮುಂದಿದ್ದರೂ ನಮ್ಮಲ್ಲಿ ನಡೆಯುತ್ತಿರುವುದೇನು? 2022ರಲ್ಲಿ ಕೇಂದ್ರ ಸರಕಾರ ಪಿಎಂ ಶ್ರೀ ಯೋಜನೆಯನ್ನು ತಂದಿತು. ದೇಶದಲ್ಲೆಲ್ಲ 14,500 ಶಾಲೆಗಳು, ಐದು ವರ್ಷಕ್ಕೆ 27,360 ಕೋಟಿ ರೂಪಾಯಿ. ಇದಕ್ಕೆ ಶಾಲೆಗಳು ತಾವೇ ಅರ್ಜಿ ಹಾಕಿ ಸ್ಪರ್ಧಿಸಬೇಕು. ಗಟ್ಟಿ ಕಟ್ಟಡ, ಶೌಚಾಲಯ ಮೊದಲಾದುವು ಮೊದಲೇ ಇರಬೇಕು. ಪಟ್ಟಣದ ಶಾಲೆ ನೂರಕ್ಕೆ 70, ಹಳ್ಳಿಯ ಶಾಲೆ 60 ಅಂಕ ಪಡೆಯಬೇಕು. ಒಂದು ಬ್ಲಾಕಿಗೆ ಹೆಚ್ಚೆಂದರೆ ಎರಡು ಶಾಲೆ. ಅಂದರೆ ಆಗಲೇ ನೆಟ್ಟಗಿರುವ ಶಾಲೆಯನ್ನು ಹುಡುಕಿ ಇನ್ನಷ್ಟು ನೆಟ್ಟಗೆ ಮಾಡುವುದು! ಅಳುವ ಮಗುವಿಗೆ ಹಾಲು ಎಂಬ ಮಾತಿದೆ. ಇಲ್ಲಿ ಗಟ್ಟಿಯಾಗಿ ಅಳಬಲ್ಲ ಮಗುವಿಗೆ ಮಾತ್ರ ಹಾಲು, ಅಳಲೂ ತ್ರಾಣವಿಲ್ಲದ್ದಕ್ಕೆ ಏನೂ ಇಲ್ಲ. ರಾಜ್ಯದ ಕರ್ನಾಟಕ ಪಬ್ಲಿಕ್‌ ಶಾಲೆಗಳ ಕ್ರಮವೂ ಬೇರೆಯಾಗಲಿಲ್ಲ. 2018-19ರಲ್ಲಿ 176 ಶಾಲೆಗಳನ್ನು ಆರಿಸಿದಾಗ ಕ್ಷೇತ್ರಕ್ಕೊಂದು ಶಾಲೆ ಎಂಬುದೇ ಲೆಕ್ಕವಾಯಿತು. ಶಾಸಕರಿಗೆ ಸಮಪಾಲು ಸಿಕ್ಕಿತು; ಮಕ್ಕಳಿಗೆ ಸಮಪಾಲು ಸಿಕ್ಕಿತೆ?

ಜನರ ಮನಸ್ಸಿನಲ್ಲಿರುವ ದೊಡ್ಡ ಭಯ ಇನ್ನೊಂದು. ಮಕ್ಕಳು ಕಡಿಮೆ ಇರುವ ಶಾಲೆಗಳ ಪಟ್ಟಿ ಮಾಡುವುದು ನೆರವಿಗೋ, ಮುಚ್ಚುವುದಕ್ಕೋ? ಉಪಾಧ್ಯಾಯರನ್ನು ಕೊಡದೆ, ಕೊಠಡಿ ರಿಪೇರಿ ಮಾಡದೆ ಬಿಟ್ಟರೆ ಮಕ್ಕಳು ಕಡಿಮೆಯಾಗುತ್ತಾರೆ. ಮಕ್ಕಳು ಕಡಿಮೆಯಾದರೆಂದು ಶಾಲೆಯನ್ನು ದೂರದ ಶಾಲೆಗೆ ವಿಲೀನ ಮಾಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ತಪ್ಪು ಇಲಾಖೆಯದು, ಶಿಕ್ಷೆ ಹಟ್ಟಿಯ ಮಗುವಿಗೆ. ದೊಡ್ಡ ಶಾಲೆಯಲ್ಲಿ ಎಲ್ಲ ಸೌಕರ್ಯವಿದೆ, ಬಸ್ಸು ಕೊಡುತ್ತೇವೆ ಎನ್ನುತ್ತಾರೆ. ಬಸ್ಸು ಎಷ್ಟು ವರ್ಷ ಓಡುತ್ತದೆ, ಡೀಸೆಲ್ಲಿಗೆ ಹಣ ಯಾರು ಕೊಡುತ್ತಾರೆ, ಆರು ವರ್ಷದ ಹುಡುಗಿಯನ್ನು ಮುಖ್ಯ ರಸ್ತೆಯವರೆಗೆ ನಡೆಸಿಕೊಂಡು ಬರುವವರು ಯಾರು ಎಂದು ಬರೆದುಕೊಡಲಿ. ಆಮೇಲೆ ಊರವರು ಯೋಚಿಸುತ್ತಾರೆ. ಪಟ್ಟಿಗೆ ಸೇರಿದ ಶಾಲೆಯನ್ನು ಊರವರ ಒಪ್ಪಿಗೆಯಿಲ್ಲದೆ ಮುಚ್ಚಕೂಡದೆಂಬ ಅಭಯ ಸಿಗುವವರೆಗೆ, ಯಾವ ಮುಖ್ಯ ಶಿಕ್ಷಕರು ತಾನೇ ತಮ್ಮ ಶಾಲೆಯ ಬಡತನವನ್ನು ನಿಜವಾಗಿ ಬರೆದುಕೊಟ್ಟಾರು?

ಹಣ ಮಿತವಾಗಿದೆ, ಎಲ್ಲರಿಗೂ ಕೊಡಲಾಗದು, ಯಾರನ್ನಾದರೂ ಆರಿಸಲೇಬೇಕಲ್ಲ ಎಂದು ಅಧಿಕಾರಿ ವರ್ಗದವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಯಾವುದನ್ನು ಆರಿಸಿ ಕೊಡಬೇಕು, ಯಾವುದನ್ನು ಎಲ್ಲರಿಗೂ ಕೊಡಬೇಕು ಎಂಬ ವಿವೇಕ ಬೇಕು. ಬಿಸಿಯೂಟ ನಮ್ಮ ರಾಜ್ಯದಲ್ಲಿ 2002ರಲ್ಲಿ ಏಳು ಜಿಲ್ಲೆಗಳಿಗೆ ಬಂತು, 2003ರಲ್ಲಿ ಎಲ್ಲ ಜಿಲ್ಲೆಗಳಿಗೂ ಬಂತು. ಹಸಿವಿಗೆ ಗೆರೆ ಎಳೆಯಲಾಗದೆಂದು ಸರಕಾರವೇ ಒಪ್ಪಿದಂತಾಯಿತು. ಹಾಗೆಯೇ ಇಬ್ಬರು ಉಪಾಧ್ಯಾಯರು, ಸೋರದ ಸೂರು, ಕುಡಿಯುವ ನೀರು, ಬಾಗಿಲಿರುವ ಶೌಚಾಲಯ ಇವು ಆರಿಸಿ ಕೊಡತಕ್ಕ ಬಹುಮಾನಗಳಲ್ಲ. ಎಲ್ಲ ಶಾಲೆಗೂ ಸಲ್ಲಬೇಕಾದ ಹಕ್ಕು. ಈ ನೆಲವನ್ನು ಎಲ್ಲರಿಗೂ ಸಮನಾಗಿ ಹಾಕಿದ ಮೇಲೆ, ಹೆಚ್ಚು ಕಷ್ಟದ ಮಕ್ಕಳಿರುವಲ್ಲಿ ಹೆಚ್ಚಿನದನ್ನು ಕೊಡುವ ಪ್ರಶ್ನೆ ಬರುತ್ತದೆ. ಆರಿಸುವ ಕೆಲಸ ಅಲ್ಲಿಂದ ಮೊದಲಾಗಬೇಕು.

ಆದುದರಿಂದ ನಾವು ಸರಕಾರದ ಮುಂದೆ ಈ ಕೆಲವು ಮಾತುಗಳನ್ನು ಇಡುತ್ತೇವೆ. ಮೊದಲನೆಯದಾಗಿ, ಜಿಲ್ಲೆ, ತಾಲ್ಲೂಕುಗಳ ಸರಾಸರಿಯನ್ನು ಬಿಟ್ಟು ಒಂದೊಂದು ಶಾಲೆಯನ್ನೂ ತೂಗಬೇಕು. ಎರಡನೆಯದಾಗಿ, ಕಟ್ಟಡವನ್ನು ಮಾತ್ರ ಎಣಿಸದೆ ಮಕ್ಕಳನ್ನು ಎಣಿಸಬೇಕು: ಕೂಲಿಯ ಮನೆಯವರೆಷ್ಟು, ಶಾಲೆ ಕಾಣದ ತಾಯಂದಿರ ಮಕ್ಕಳೆಷ್ಟು, ಬೆಳೆಯ ಕಾಲದಲ್ಲಿ ಹಾಜರಿ ಎಷ್ಟು ಬೀಳುತ್ತದೆ, ಮನೆಯ ಮಾತು ಬೇರೆಯಿರುವವರೆಷ್ಟು, ನಡೆದು ಬರುವ ದೂರವೆಷ್ಟು. ಪಡಿತರ ಚೀಟಿಯೊಂದರಿಂದ ಇದು ತಿಳಿಯದು, ಬಿ.ಪಿ.ಎಲ್‌. ಚೀಟಿ ಬಹುಪಾಲು ಮನೆಗಳಲ್ಲಿ ಇರುವುದರಿಂದ ಬಡವರಲ್ಲೇ ಬಡವರು ಅದರಲ್ಲಿ ಕಾಣುವುದಿಲ್ಲ. ಮೂರನೆಯದಾಗಿ, ಉಪಾಧ್ಯಾಯರ ಹುದ್ದೆ ಎಷ್ಟು ದಿನ ಖಾಲಿಯಿತ್ತೆಂಬುದು ತೂಕದಲ್ಲಿ ಮುಖ್ಯವಾಗಬೇಕು. ಅಂಥ ಶಾಲೆಗೆ ಒಪ್ಪಿ ಹೋಗುವವರಿಗೆ ಮನೆ, ಭತ್ಯೆ ಕೊಡಬೇಕು. ನಾಲ್ಕನೆಯದಾಗಿ, ಪರೀಕ್ಷೆಯ ಫಲಿತಾಂಶವನ್ನು ಒಂದು ವರ್ಷದ್ದಲ್ಲ, ಕನಿಷ್ಠ ಮೂರು ವರ್ಷದ್ದನ್ನು ಕೂಡಿಸಿ ನೋಡಬೇಕು. ಐದನೆಯದಾಗಿ, ಈ ನೆರವು ಮಾಮೂಲು ಅನುದಾನದ ಮೇಲೆ ಬರಬೇಕು, ಅದರ ಬದಲಿಗೆ ಅಲ್ಲ. ಕಡೆಯದಾಗಿ, ಪಟ್ಟಿಯನ್ನೂ ತೂಗಿದ ಲೆಕ್ಕವನ್ನೂ ಶಾಲೆಯ ಗೋಡೆಯ ಮೇಲೆ, ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಅಂಟಿಸಬೇಕು. ಬಿಟ್ಟುಹೋದ ಶಾಲೆಯವರು ಮೂವತ್ತು ದಿನದೊಳಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿರಬೇಕು.

ಇವು ಯಾವುವೂ ಅಸಾಧ್ಯದ ಕೆಲಸಗಳಲ್ಲ. ಶಾಲೆಗಳ ಲೆಕ್ಕ ಯುಡೈಸ್‌ನಲ್ಲಿ ವರ್ಷವರ್ಷವೂ ತುಂಬುತ್ತದೆ. ಒಂದೊಂದು ಮಗುವಿನ ಹೆಸರೂ ಇಲಾಖೆಯ ಕಂಪ್ಯೂಟರಿನಲ್ಲಿದೆ. ಕೊರತೆಯಿರುವುದು ಅಂಕಿಯದ್ದಲ್ಲ. ಅಂಕಿಯನ್ನು ತುಂಬುವವರೂ ಇಲಾಖೆಯವರೇ, ನೋಡುವವರೂ ಇಲಾಖೆಯವರೇ, ತೀರ್ಮಾನಿಸುವವರೂ ಇಲಾಖೆಯವರೇ ಆದರೆ ಸುಳ್ಳನ್ನು ಹಿಡಿಯುವವರು ಯಾರು? ಶೌಚಾಲಯ ಇದೆ ಎಂದು ಬರೆದಿರುತ್ತದೆ. ಬೀಗ ಹಾಕಿದೆ ಎಂಬುದು ಊರಿನ ಹೆಣ್ಣುಮಕ್ಕಳಿಗೆ ಮಾತ್ರ ಗೊತ್ತು. ಊರಿನ ಪರವಾಗಿ ಕೇಳಬೇಕಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಗತಿಯಾದರೂ ಏನಾಯಿತು? 2021ರಲ್ಲಿ ಅವುಗಳ ಅವಧಿ ಮುಗಿಯಿತು. ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಜನರ ಪ್ರತಿನಿಧಿಗಳ ಕುರ್ಚಿ ಖಾಲಿಯಿದ್ದಾಗ ಕಡತ ತನ್ನಷ್ಟಕ್ಕೆ ತಾನು ಓಡಾಡುತ್ತದೆ.

ಆದುದರಿಂದ ಮೊದಲ ಹೆಜ್ಜೆಯನ್ನು ಜನರೇ ಇಡಬೇಕು. 2001ರ ಸರಕಾರಿ ಆಜ್ಞೆಯಿಂದ ಪ್ರತಿ ಶಾಲೆಗೂ ಶಾಲಾಭಿವೃದ್ಧಿ ಸಮಿತಿ ಇದೆ. ತಂದೆತಾಯಿಗಳೇ ಅದರ ಬಲ. ಪಾಳಿ ಮುಗಿಸಿ ಬಂದ ದಣಿವಿನಲ್ಲಿ ಸಭೆಗೆ ಹೋಗುವುದು ಕಷ್ಟವೆಂಬುದನ್ನು ನಾವು ಬಲ್ಲೆವು. ಆದರೂ ತಿಂಗಳಿಗೆ ಒಂದು ಸಂಜೆ ಹೋಗಿರಿ. ನಿಮ್ಮ ಶಾಲೆಯ ಹೆಸರಿನಲ್ಲಿ ಯುಡೈಸ್‌ಗೆ ಏನು ಬರೆದಿದ್ದಾರೆಂದು ಓದಿಸಿ ಕೇಳಿರಿ. ತೋರಿಸದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿರಿ. ಕಾರ್ಮಿಕ ಸಂಘಗಳು ಬೋನಸ್ಸು, ಭತ್ಯೆಗಳ ಬೇಡಿಕೆಯ ಪಟ್ಟಿಯಲ್ಲಿ ಕೆಲಸಗಾರರ ಮಕ್ಕಳ ಶಾಲೆಯನ್ನೂ ಸೇರಿಸಲಿ. ವರ್ತಕರ ಸಂಘಗಳು ಗಣಪತಿಗೆ, ಜಾತ್ರೆಗೆ ಚಂದಾ ಎತ್ತುವಂತೆಯೇ, ಶಾಲೆಯ ಲೆಕ್ಕ ಕೇಳುವುದಕ್ಕೂ ಒಂದು ದಿನ ಅಂಗಡಿಯ ಬಾಗಿಲು ಒಂದು ಗಂಟೆ ತಡವಾಗಿ ತೆರೆಯಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಒಬ್ಬರೇ ಉಪಾಧ್ಯಾಯರಿರುವ ಶಾಲೆಗಳ ಪಟ್ಟಿಯನ್ನು ಈ ನಾಲ್ಕು ತಾಲ್ಲೂಕುಗಳ ಜನ ತಾವೇ ತಯಾರಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಜಿನ ಮೇಲೆ ಇಟ್ಟರೆ, ಅದಕ್ಕಿಂತ ನಿಜವಾದ ಸೂಚಕ ಇನ್ನೊಂದಿಲ್ಲ.

ಅಂಗಡಿಯ ತಕ್ಕಡಿಗೆ ಕಾಲಕಾಲಕ್ಕೆ ಸರಕಾರ ಮುದ್ರೆ ಹಾಕುತ್ತದೆ. ತೂಕ ತಪ್ಪಿದರೆ ದಂಡ ಹಾಕುತ್ತದೆ. ವ್ಯಾಪಾರಿ ಅದನ್ನು ಒಪ್ಪಿ ನಡೆಯುತ್ತಾನೆ. ನಮ್ಮ ಮಕ್ಕಳ ಶಾಲೆಗಳನ್ನು ತೂಗುವ ಸರಕಾರದ ತಕ್ಕಡಿಗೆ ಮುದ್ರೆ ಹಾಕುವ ಅಧಿಕಾರ ಜನರದು. ಆ ಅಧಿಕಾರವನ್ನು ಚಲಾಯಿಸುವ ಕಾಲ ಬಂದಿದೆ.